ಆಂಡ್ರೋಜನ್ ಔಷಧಗಳು: ಕೊಪ್ಪಳ ಸೀಮೆಯಲ್ಲಿ ಬಳಕೆ ಮತ್ತು ಎಚ್ಚರ

ಗಂಡು ದೇಹದ ಲಕ್ಷಣಗಳನ್ನು ಬೆಳೆಸಿ ಉಳಿಸುವ ಹಾರ್ಮೋನುಗಳಿಗೆ ಆಂಡ್ರೋಜನ್ ಎಂದು ಹೆಸರು. ಇವುಗಳಲ್ಲಿ ಮುಖ್ಯವಾದದ್ದು ಟೆಸ್ಟೋಸ್ಟೆರೋನ್. ಅದು ಗಂಡಸರ ವೃಷಣಗಳಲ್ಲಿ ಹೇರಳವಾಗಿಯೂ ಹೆಂಗಸರ ಅಂಡಾಶಯ ಮತ್ತು ಅಡ್ರಿನಲ್ ಗ್ರಂಥಿಗಳಲ್ಲಿ ಅಲ್ಪವಾಗಿಯೂ ಹುಟ್ಟುತ್ತದೆ. ಟೆಸ್ಟೋಸ್ಟೆರೋನ್, ಅದನ್ನು ಹೋಲುವಂತೆ ತಯಾರಿಸಿದ ನ್ಯಾಂಡ್ರೋಲೋನ್, ಸ್ಟ್ಯಾನೋಜೋಲಾಲ್, ಡೆನಜಾಲ್ ಮುಂತಾದವು, ಅದರ ಕೆಲಸಕ್ಕೆ ತಡೆಯೊಡ್ಡುವ ಮದ್ದುಗಳು ಎಲ್ಲವೂ ಈ ಲೇಖನದ ವ್ಯಾಪ್ತಿಗೆ ಬರುತ್ತವೆ. ರಾಯಚೂರಿನಿಂದ ಬೇರ್ಪಟ್ಟು 1998ರಲ್ಲಿ ಜಿಲ್ಲೆಯಾದ ಕೊಪ್ಪಳದ ಮೂಲ ತಾಲ್ಲೂಕುಗಳು ನಾಲ್ಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಇಲ್ಲಿ ಈ ಔಷಧಗಳ ಕಥೆಗೆ ಎರಡು ಮುಖಗಳಿವೆ. ನಿಜವಾಗಿ ಬೇಕಾದವನ ರಕ್ತವನ್ನು ಪರೀಕ್ಷೆಗೆ ಕಳಿಸುವವರಿಲ್ಲ. ಬೇಡವಾದವನು ಅದನ್ನೇ ಕೇಳಿ ಚುಚ್ಚಿಸಿಕೊಳ್ಳುತ್ತಾನೆ.

ಹೋರಿಯ ಬೀಜ ತೆಗೆದು ಎತ್ತು ಮಾಡುವ ಒಕ್ಕಲಿಗನಿಗೆ ವೃಷಣಕ್ಕೂ ಮೈಕಟ್ಟು, ಸಿಟ್ಟುಗಳಿಗೂ ಇರುವ ನಂಟು ಯಾವತ್ತೂ ಗೊತ್ತಿದ್ದದ್ದೇ. ಅದನ್ನು ಪ್ರಯೋಗದಿಂದ ತೋರಿಸಿದವನು ಜರ್ಮನಿಯ ಬರ್ಟೋಲ್ಡ್. 1849ರಲ್ಲಿ ಅವನು ಬೀಜ ತೆಗೆದ ಹುಂಜಗಳ ಹೊಟ್ಟೆಯೊಳಗೆ ವೃಷಣ ಕಸಿ ಮಾಡಿ, ಅವು ಮತ್ತೆ ಜುಟ್ಟು ಬೆಳೆಸಿ ಕೂಗುವುದನ್ನು ಕಂಡ. 1931ರಲ್ಲಿ ಬುಟೆನಾಂಟ್ ಸುಮಾರು 15,000 ಲೀಟರ್ ಮೂತ್ರವನ್ನು ಸೋಸಿ 15 ಮಿಲಿಗ್ರಾಂ ಆಂಡ್ರೋಸ್ಟೆರೋನ್ ಪಡೆದ. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಲಕೂರನ ತಂಡ ಹೋರಿಯ ವೃಷಣದಿಂದ ಟೆಸ್ಟೋಸ್ಟೆರೋನನ್ನು ಬೇರ್ಪಡಿಸಿತು. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಚ್ಕಾ ಅದನ್ನು ಕೃತಕವಾಗಿ ತಯಾರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಇಬ್ಬರಿಗೂ ಸಂದಿತು.

ಔಷಧದ ರೂಪಗಳು

ಟೆಸ್ಟೋಸ್ಟೆರೋನನ್ನು ಹಾಗೆಯೇ ನುಂಗಿದರೆ ಯಕೃತ್ತು ಅದನ್ನು ಅಲ್ಲಿಯೇ ಒಡೆದುಹಾಕುತ್ತದೆ. ಆದ್ದರಿಂದ ಅದಕ್ಕೆ ಕೊಬ್ಬಿನಾಮ್ಲದ ಬಾಲ ಜೋಡಿಸಿ ಎಣ್ಣೆಯಲ್ಲಿ ಕರಗಿಸುತ್ತಾರೆ. ಬಾಲ ಉದ್ದವಾದಷ್ಟೂ ಮದ್ದು ಸ್ನಾಯುವಿನಿಂದ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಎನಾಂಥೇಟ್ ಸೂಜಿಯನ್ನು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 150ರಿಂದ 200 ಮಿ.ಗ್ರಾಂ ಪ್ರಮಾಣದಲ್ಲಿ ಕೊಡುತ್ತಾರೆ. ಸಸ್ಟಾನಾನ್ 250ರಲ್ಲಿ ಬೇರೆ ಬೇರೆ ಉದ್ದದ ಬಾಲಗಳಿರುವ ನಾಲ್ಕು ರೂಪಗಳು (ಎಸ್ಟರುಗಳು) ಇವೆ. ಅನ್‌ಡೆಕನೋಯೇಟಿನ 1,000 ಮಿ.ಗ್ರಾಂ ಸೂಜಿಯನ್ನು ಮೊದಲ ಬಾರಿ ಕೊಟ್ಟ ಆರು ವಾರಕ್ಕೆ ಇನ್ನೊಮ್ಮೆ, ಆಮೇಲೆ 10ರಿಂದ 14 ವಾರಗಳಿಗೊಮ್ಮೆ ಕೊಡುವುದು ರೂಢಿ. ಸುಗ್ಗಿ ಮುಗಿದ ಮೇಲೆ ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಗುಳೆ ಹೋಗುವ ಕುಷ್ಟಗಿ, ಯಲಬುರ್ಗಾದ ಕೂಲಿಕಾರನಿಗೆ ಎರಡು ವಾರದ ಸೂಜಿಗಿಂತ ಇದು ಅನುಕೂಲ. ಆದರೆ ಇದನ್ನು ಪೃಷ್ಠದ ಸ್ನಾಯುವಿನ ಆಳಕ್ಕೆ ಸುಮಾರು ಎರಡು ನಿಮಿಷ ನಿಧಾನವಾಗಿ ಇಳಿಸಬೇಕು. ಎಣ್ಣೆಯ ಹನಿಗಳು ರಕ್ತನಾಳ ಹೊಕ್ಕು ಪುಪ್ಪುಸ ಸೇರಿದರೆ ಕೆಮ್ಮು, ಉಸಿರುಕಟ್ಟು, ತಲೆಸುತ್ತು ಬರುತ್ತವೆ. ಹಾಗಾಗಿ ಸೂಜಿಯಾದ ಮೇಲೆ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂರಿಸುವುದು ಒಳ್ಳೆಯದು. ಬಸ್ಸು ತಪ್ಪೀತೆಂಬ ಅವಸರಕ್ಕೆ ಇಲ್ಲಿ ಎಡೆ ಕೊಡಬಾರದು.

ಎಣ್ಣೆ ಯಾವುದೆಂದೂ ಕೇಳಿಕೊಳ್ಳಬೇಕು. ಸಸ್ಟಾನಾನ್ ಮತ್ತು ಡೆಕಾ-ಡ್ಯೂರಬೋಲಿನ್ ಶೇಂಗಾ ಎಣ್ಣೆಯಲ್ಲಿರುತ್ತವೆ, ಅನ್‌ಡೆಕನೋಯೇಟ್ ಸೂಜಿ ಔಡಲ ಎಣ್ಣೆಯಲ್ಲಿ. ಶೇಂಗಾ ಬೆಳೆದು ಶೇಂಗಾ ಹಿಂಡಿಯನ್ನೇ ರೊಟ್ಟಿಗೆ ಹಚ್ಚಿಕೊಳ್ಳುವ ಸೀಮೆಯಲ್ಲಿ ಅದರ ಅಲರ್ಜಿ ಅಪರೂಪವೇ ಇರಬಹುದು. ಆದರೂ ಕೇಳುವುದಕ್ಕೆ ಅರ್ಧ ನಿಮಿಷ ಸಾಕು.

ಅನ್‌ಡೆಕನೋಯೇಟ್ 40 ಮಿ.ಗ್ರಾಂ ಗುಳಿಗೆಯ ಹೀರಿಕೆ ಕರುಳಿನ ಕೊಬ್ಬಿನ ಜೊತೆ ದುಗ್ಧನಾಳಗಳ ಮೂಲಕ ಆಗುವುದರಿಂದ ಅದನ್ನು ಊಟದ ಜೊತೆಗೇ ನುಂಗಬೇಕು. ಸೋಮವಾರದ ಒಪ್ಪತ್ತಿನಲ್ಲೋ ರಂಜಾನ್ ರೋಜಾದಲ್ಲೋ ಬರೀ ಹೊಟ್ಟೆಗೆ ನುಂಗಿದ ಗುಳಿಗೆ ಹೆಚ್ಚುಕಡಿಮೆ ವ್ಯರ್ಥ. ಇನ್ನೊಂದು ರೂಪ ಶೇಕಡಾ 1ರ ಜೆಲ್. ಅದನ್ನು ಬೆಳಿಗ್ಗೆ ಭುಜಕ್ಕೆ ಹಚ್ಚಿ, ಕೈ ತೊಳೆದು, ಆರಿದ ಮೇಲೆ ಅಂಗಿ ಹಾಕಿಕೊಳ್ಳಬೇಕು. ಒಂದೇ ಕೋಣೆಯಲ್ಲಿ ಎಲ್ಲರೂ ಮಲಗುವ ಮನೆಗಳಲ್ಲಿ ಅಪ್ಪನ ಭುಜದ ಜೆಲ್ ಮಗುವಿನ ಮೈಗೆ ಅಂಟಿದರೆ, ಆ ಮಗುವಿಗೆ ವಯಸ್ಸಿಗೆ ಮುಂಚೆ ಗುಪ್ತಾಂಗದ ಕೂದಲು ಮೂಡಬಹುದು. ಬಸುರಿ ಹೆಂಡತಿಗೆ ಅಂಟಿದರೆ ಹೊಟ್ಟೆಯಲ್ಲಿರುವ ಹೆಣ್ಣುಕೂಸಿನ ಜನನಾಂಗದ ಬೆಳವಣಿಗೆ ಕೆಡಬಹುದು. ಇಂಥ ಮನೆಗೆ ಸೂಜಿಯೇ ಲೇಸು.

ಯಾರಿಗೆ ಬೇಕು?

ದೇಹ ತಾನೇ ಸಾಕಷ್ಟು ಟೆಸ್ಟೋಸ್ಟೆರೋನ್ ತಯಾರಿಸದೆ ಹೋದಾಗ ಮಾತ್ರ ಈ ಮದ್ದಿಗೆ ಕಾರಣವಿದೆ. ಕೊರತೆಯ ಲಕ್ಷಣಗಳೂ ಇರಬೇಕು, ರಕ್ತದ ಮಟ್ಟವೂ ಕಡಿಮೆ ಇರಬೇಕು. ಬೇರೆ ಬೇರೆ ದಿನ ಎರಡು ಸಲ ನೋಡಿ ಅದು ಖಚಿತವಾಗಬೇಕು. ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕಡಿಮೆ ಎಂಬುದು ಹಲವು ವೈದ್ಯ ಸಂಘಗಳು ಬಳಸುವ ಗೆರೆ. ಟೆಸ್ಟೋಸ್ಟೆರೋನ್ ಬೆಳಿಗ್ಗೆ ಏರಿರುತ್ತದೆ, ಮಧ್ಯಾಹ್ನಕ್ಕೆ ಇಳಿಯುತ್ತದೆ, ಊಟ ಮಾಡಿದರೂ ಇಳಿಯುತ್ತದೆ. ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಿಂದ ರೊಟ್ಟಿ ತಿಂದು ಬಸ್ಸು ಹತ್ತಿ, ಕೊಪ್ಪಳದಲ್ಲಿ ಹನ್ನೆರಡಕ್ಕೆ ರಕ್ತ ಕೊಟ್ಟವನ ವರದಿ ಕಡಿಮೆ ಬರುವುದರಲ್ಲಿ ಆಶ್ಚರ್ಯವೇನಿಲ್ಲ. ಹಿಂದಿನ ರಾತ್ರಿಯೇ ಬಂದು ಉಳಿಯಬೇಕು, ಇಲ್ಲವೇ ತಾಲ್ಲೂಕು ಆಸ್ಪತ್ರೆಯಲ್ಲಿ ಬೆಳಿಗ್ಗೆ ಹತ್ತರೊಳಗೆ ರಕ್ತ ತೆಗೆದು ಕಳಿಸುವ ಏರ್ಪಾಡಾಗಬೇಕು. ಜ್ವರ, ಸೋಂಕು ಇದ್ದಾಗಲೂ ಮಟ್ಟ ಇಳಿದಿರುತ್ತದೆ, ಆಗ ತೆಗೆದ ರಕ್ತದಿಂದ ಏನೂ ತಿಳಿಯದು. ಕೊರತೆ ಖಚಿತವಾದ ಮೇಲೆ ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ ಎಂಬ ಪಿಟ್ಯುಟರಿ ಹಾರ್ಮೋನುಗಳನ್ನು ನೋಡಿದರೆ ದೋಷ ವೃಷಣದ್ದೋ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯದ್ದೋ ತಿಳಿಯುತ್ತದೆ.

ವೃಷಣದ ದೋಷಗಳಲ್ಲಿ ಹುಟ್ಟಿನಿಂದ ಬಂದದ್ದು ಕ್ಲೈನ್‌ಫೆಲ್ಟರ್ ಸ್ಥಿತಿ, ಅಂದರೆ ಗಂಡಿನಲ್ಲಿ ಒಂದು ಎಕ್ಸ್ ವರ್ಣತಂತು ಹೆಚ್ಚಿರುವುದು. 500ರಿಂದ 1,000 ಗಂಡುಕೂಸುಗಳಲ್ಲಿ ಒಂದಕ್ಕೆ ಇದು ಇರುತ್ತದೆ. 2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 13.9 ಲಕ್ಷ, ಅದರಲ್ಲಿ ಗಂಡಸರು ಸುಮಾರು 7 ಲಕ್ಷ. ಆ ಲೆಕ್ಕ ಹಿಡಿದರೆ ಜಿಲ್ಲೆಯಲ್ಲಿ 700ರಿಂದ 1,400 ಮಂದಿ ಇರಬೇಕು. ಇವರಲ್ಲಿ ಬಹಳಷ್ಟು ಜನ ಮದುವೆಯಾಗಿ ಮಕ್ಕಳಾಗದೆ, ಹೆಂಡತಿಯನ್ನು ಊರೂರಿನ ದವಾಖಾನೆಗೆ ಅಲೆದಾಡಿಸಿದ ಮೇಲೆಯೇ ಗೊತ್ತಾಗುವವರು. ಮಂಗನಬಾವು ಹರೆಯದಲ್ಲಿ ಬಂದು ವೃಷಣಕ್ಕೆ ಇಳಿದರೆ ಅದು ಮುದುಡಿಹೋಗಬಹುದು. ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಕೊಡುವುದು ದಡಾರ-ರುಬೆಲ್ಲಾ ಲಸಿಕೆ, ಮಂಗನಬಾವಿನದು ಅದರಲ್ಲಿಲ್ಲ. ಕುಷ್ಠರೋಗದ ಒಂದು ಬಗೆಯೂ ವೃಷಣವನ್ನು ಹಾಳುಗೆಡವುತ್ತದೆ. ರೋಗ ವಾಸಿಯಾಗಿ ವರ್ಷಗಳಾದ ಮೇಲೆ ಎದೆ ಊದಿ, ಗಡ್ಡ ತೆಳುವಾಗುವುದಕ್ಕೆ ಇದೇ ಕಾರಣ. ಎಚ್‌ಐವಿ ಇದ್ದು ತೂಕ ಇಳಿಯುತ್ತಿರುವ, ಟೆಸ್ಟೋಸ್ಟೆರೋನ್ ಕೂಡ ಕಡಿಮೆ ಇರುವ ಗಂಡಸರಿಗೆ ಅಲ್ಪಕಾಲದ ಚಿಕಿತ್ಸೆ ಉಪಯೋಗಕ್ಕೆ ಬರುತ್ತದೆ.

ಪಿಟ್ಯುಟರಿ ದೋಷಗಳಲ್ಲಿ ಈ ಜಿಲ್ಲೆಗೆ ಹತ್ತಿರದ್ದು ಹಾವು ಕಡಿತ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಭತ್ತದ ಜೊತೆ ಇಲಿ, ಇಲಿಯ ಹಿಂದೆ ಕೊಳಕುಮಂಡಲ. ಇದರ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತದೆ. ಮೂತ್ರಪಿಂಡ ನಿಂತು ಡಯಾಲಿಸಿಸ್ ಮಾಡಿಸಿಕೊಂಡವರೂ ಇರುತ್ತಾರೆ. ಅದೇ ಹೊತ್ತಿನಲ್ಲಿ ಪಿಟ್ಯುಟರಿಯೊಳಗೆ ರಕ್ತಸ್ರಾವವಾಗಿ ಅಥವಾ ರಕ್ತ ಕಟ್ಟಿ ಗ್ರಂಥಿ ಸಾಯಬಹುದು. ಬರ್ಮಾದ ವೈದ್ಯರು 1980ರ ದಶಕದಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ದಕ್ಷಿಣ ಭಾರತದಿಂದಲೂ ವರದಿಗಳಿವೆ. ರೋಗಿ ಬದುಕಿ ಮನೆಗೆ ಬರುತ್ತಾನೆ, ಎಲ್ಲರೂ ದೇವರಿಗೆ ಕೈಮುಗಿಯುತ್ತಾರೆ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕಂಕುಳ ಕೂದಲು ಉದುರುತ್ತದೆ, ಗಡ್ಡ ಬೋಳಿಸುವ ಅಗತ್ಯವೇ ಕಡಿಮೆಯಾಗುತ್ತದೆ, ಕೆಲಸಕ್ಕೆ ಮೈ ಬಗ್ಗುವುದಿಲ್ಲ, ಹೆಂಡತಿಯ ಕಡೆ ಮನಸ್ಸು ಹೋಗುವುದಿಲ್ಲ. ಹಳೆಯ ಹಾವು ಕಡಿತಕ್ಕೂ ಇದಕ್ಕೂ ನಂಟಿದೆಯೆಂದು ಅವನೂ ನೆನೆಯುವುದಿಲ್ಲ, ಕೇಳುವವರೂ ಇರುವುದಿಲ್ಲ. ‘ವಿಷದ ನಂಜು ಇನ್ನೂ ಮೈಯಾಗ ಐತಿ’ ಎಂಬ ಮನೆಯವರ ಮಾತನ್ನು ವೈದ್ಯರು ತಳ್ಳಿಹಾಕುವುದಕ್ಕಿಂತ ಅದರ ಹಿಂದೆ ಹೋಗಿ ನೋಡುವುದೇ ಸರಿ.

ಇಂಥವನಿಗೆ ಕೊರತೆ ಟೆಸ್ಟೋಸ್ಟೆರೋನ್ ಒಂದರದ್ದೇ ಆಗಿರುವುದಿಲ್ಲ. ಕಾರ್ಟಿಸೋಲ್ ಮತ್ತು ಥೈರಾಯ್ಡ್ ಹಾರ್ಮೋನುಗಳೂ ಬತ್ತಿರುತ್ತವೆ. ಮೊದಲು ಹೈಡ್ರೋಕಾರ್ಟಿಸೋನ್ ಅಥವಾ ಪ್ರೆಡ್ನಿಸೋಲೋನ್, ನಂತರ ಥೈರಾಕ್ಸಿನ್, ಕೊನೆಗೆ ಟೆಸ್ಟೋಸ್ಟೆರೋನ್ ಎಂಬುದು ಕ್ರಮ. ಕಾರ್ಟಿಸೋಲ್ ತುಂಬದೆ ಥೈರಾಕ್ಸಿನ್ ಕೊಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ಹೀಗೆ ವರದಿಯಾದವರಲ್ಲಿ ಕೊಳಕುಮಂಡಲದ ಕಡಿತದಿಂದ ಉಳಿದವರನ್ನು ಗುರುತಿಸಿ ಆರು ತಿಂಗಳಿಗೊಮ್ಮೆ ಹಾರ್ಮೋನ್ ನೋಡುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಹದಿನಾಲ್ಕು ತುಂಬಿದರೂ ವೃಷಣ ದೊಡ್ಡದಾಗದ ಹುಡುಗನಿಗೆ ತಿಂಗಳಿಗೊಂದು 50 ಮಿ.ಗ್ರಾಂ ಎನಾಂಥೇಟಿನಂತೆ ಮೂರರಿಂದ ಆರು ತಿಂಗಳು ಕೊಟ್ಟು ಹರೆಯವನ್ನು ಎಬ್ಬಿಸುವುದುಂಟು. ಇದು ಎತ್ತರ ಬೆಳೆಸುವ ಸೂಜಿಯೆಂಬ ನಂಬಿಕೆ ಅಪಾಯದ್ದು. ಪ್ರಮಾಣ ಮೀರಿದರೆ ಎಲುಬಿನ ತುದಿಗಳು ಬೇಗ ಬೆಸೆದು ಹುಡುಗ ಇನ್ನಷ್ಟು ಗಿಡ್ಡನಾಗಿಯೇ ಉಳಿಯುತ್ತಾನೆ. ಎಡ ಮಣಿಕಟ್ಟಿನ ಎಕ್ಸ್-ರೇ ತೆಗೆಸಿ ಎಲುಬಿನ ವಯಸ್ಸು ನೋಡದೆ ಶುರುಮಾಡಬಾರದು.

ತಾಕತ್ತಿನ ಸೂಜಿ

‘ಸಾಹೇಬ್ರ, ನಿಶ್ಶಕ್ತಿ ಭಾಳ ಐತಿ, ಒಂದು ತಾಕತ್ತಿನ ಸೂಜಿ ಮಾಡ್ರಿ.’ ಈ ಭಾಗದ ಯಾವ ದವಾಖಾನೆಯಲ್ಲಿ ಕೂತರೂ ಕೇಳುವ ಮಾತಿದು. ಬಹಳ ಸಲ ಆ ಸೂಜಿ ಬಿ-ಕಾಂಪ್ಲೆಕ್ಸ್ ಆಗಿರುತ್ತದೆ, ತೊಂದರೆಯಿಲ್ಲ. ಕೆಲವೊಮ್ಮೆ ಡೆಕ್ಸಾಮೆಥಸೋನ್, ಅಂದರೆ ಊತ ಇಳಿಸುವ ಸ್ಟೀರಾಯ್ಡ್. ಮತ್ತೆ ಕೆಲವೊಮ್ಮೆ ನ್ಯಾಂಡ್ರೋಲೋನ್. ಅದು ಸ್ನಾಯು ಬೆಳೆಸುವ ಸ್ಟೀರಾಯ್ಡ್, ಆಂಡ್ರೋಜನ್ ಕುಲದ್ದು. ಯಾವುದನ್ನು ಚುಚ್ಚಲಾಯಿತೆಂದು ರೋಗಿಯ ಕೈಗೆ ಚೀಟಿ ಬರದಿರುವುದೇ ಇಲ್ಲಿನ ದೊಡ್ಡ ದೋಷ. ರಕ್ತಹೀನತೆ, ಸಕ್ಕರೆ ಕಾಯಿಲೆ, ಕ್ಷಯ, ಜಂತುಹುಳು, ಖಿನ್ನತೆ ಇವುಗಳಲ್ಲಿ ಒಂದು ನಿಶ್ಶಕ್ತಿಯ ಹಿಂದೆ ಅಡಗಿರಬಹುದು; ನ್ಯಾಂಡ್ರೋಲೋನ್ ಯಾವುದನ್ನೂ ವಾಸಿಮಾಡದು. ಹೆಂಗಸರಿಗೆ ಕೊಟ್ಟರೆ ಮೀಸೆ ಚಿಗುರುತ್ತದೆ, ಮುಟ್ಟು ತಪ್ಪುತ್ತದೆ, ಧ್ವನಿ ಒಡೆಯುತ್ತದೆ. ಮೀಸೆ ತೆಗೆಯಬಹುದು, ಒಡೆದ ಧ್ವನಿ ಮರಳುವುದಿಲ್ಲ.

ಕುಷ್ಟಗಿ, ಯಲಬುರ್ಗಾ ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಪ್ರಸಿದ್ಧ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗರಿಷ್ಠ ಮಿತಿ ಲೀಟರಿಗೆ 1.5 ಮಿ.ಗ್ರಾಂ. ಅದಕ್ಕಿಂತ ಹೆಚ್ಚು ಫ್ಲೋರೈಡಿನ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಕೀಲು, ಬೆನ್ನು ಬಿಗಿಯುತ್ತವೆ. ‘ಎಲುಬು ಗಟ್ಟಿ ಮಾಡೋ ಸೂಜಿ’ ಎಂದು ನ್ಯಾಂಡ್ರೋಲೋನ್ ಕೊಡುವವರಿದ್ದಾರೆ. ಆದರೆ ಹೀಗೆ ಫ್ಲೋರೈಡ್ ಸೇರಿದ (ಫ್ಲೋರೋಸಿಸ್) ಎಲುಬು ಸಾಂದ್ರತೆ ಅಳೆಯುವ ಯಂತ್ರದಲ್ಲಿ ದಟ್ಟವಾಗಿಯೇ ಕಾಣುತ್ತದೆ, ಇದ್ದರೂ ಪೆಡಸು. ಈ ಮಾತು ವೈದ್ಯರಿಗೂ ಮುಖ್ಯ: ಪ್ರಾಸ್ಟೇಟ್ ಕ್ಯಾನ್ಸರಿಗೆ ಆಂಡ್ರೋಜನ್ ತಡೆ ಪಡೆಯುತ್ತಿರುವವನ ಎಲುಬಿನ ಸಾಂದ್ರತೆ ಈ ಊರುಗಳಲ್ಲಿ ಚೆನ್ನಾಗಿ ಬಂದರೆ ನಿಶ್ಚಿಂತರಾಗುವಂತಿಲ್ಲ.

ಬಸ್‌ಸ್ಟ್ಯಾಂಡ್ ಗೋಡೆಯ ‘ಗುಪ್ತರೋಗ’ ಜಾಹೀರಾತು, ಜಿಮ್ಮಿನ ಕೋಚ್ ಕೊಡುವ ಸ್ಟೀರಾಯ್ಡ್ ‘ಸೈಕಲ್’ ಎರಡರ ಗಿರಾಕಿಗಳೂ ಹೊಸದಾಗಿ ಮದುವೆಯಾದ ಅಥವಾ ಆಗಬೇಕಾದ ಹುಡುಗರು. ಅವರಿಗೆ ಯಾರೂ ಹೇಳದ ಸಂಗತಿಯೊಂದಿದೆ. ಹೊರಗಿನಿಂದ ಟೆಸ್ಟೋಸ್ಟೆರೋನ್ ಬಂದರೆ ಪಿಟ್ಯುಟರಿ ‘ಸಾಕಷ್ಟಿದೆ’ ಎಂದು ತಿಳಿದು ಎಲ್‌ಎಚ್, ಎಫ್‌ಎಸ್‌ಎಚ್ ಕಳಿಸುವುದನ್ನು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಲ್ಲವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿ, ವಾರಕ್ಕೆ 200 ಮಿ.ಗ್ರಾಂ ಎನಾಂಥೇಟ್ ಕೊಟ್ಟಾಗ ಹೆಚ್ಚಿನವರಲ್ಲಿ ವೀರ್ಯಾಣು ಸೊನ್ನೆಗೆ ಇಳಿಯುವುದನ್ನು 1990ರಲ್ಲಿ ಪ್ರಕಟಿಸಿತು. ಗಂಡಸ್ತನ ಹೆಚ್ಚಲೆಂದು ಚುಚ್ಚಿಸಿಕೊಂಡದ್ದು ಹೀಗೆ ಮಕ್ಕಳಾಗದಂತೆ ಮಾಡುತ್ತದೆ. ನಿಲ್ಲಿಸಿದರೆ ಬಹುಪಾಲು ಜನರಲ್ಲಿ ವೀರ್ಯಾಣು ತಿರುಗಿ ಬರುತ್ತದೆ, ಆದರೆ ತಿಂಗಳುಗಳು, ಕೆಲವರಿಗೆ ಒಂದೆರಡು ವರ್ಷ ಹಿಡಿಯುತ್ತದೆ. ಮಕ್ಕಳು ಬೇಕೆನ್ನುವವನಲ್ಲಿ ಪಿಟ್ಯುಟರಿ ಕೊರತೆ ನಿಜವಾಗಿಯೂ ಇದ್ದರೆ ಎಚ್‌ಸಿಜಿ, ಎಫ್‌ಎಸ್‌ಎಚ್ ಸೂಜಿಗಳ ದಾರಿಯಿದೆ, ಟೆಸ್ಟೋಸ್ಟೆರೋನ್ ಅಲ್ಲ.

ನುಂಗುವ ಸ್ಟ್ಯಾನೋಜೋಲಾಲ್, ಮಿಥೈಲ್‌ಟೆಸ್ಟೋಸ್ಟೆರೋನ್‌ಗಳು ಯಕೃತ್ತಿಗೆ ಕೆಡುಕು. ಕಾಮಾಲೆ, ರಕ್ತ ತುಂಬಿದ ಗುಳ್ಳೆ, ಗಡ್ಡೆ ಎಲ್ಲವೂ ದಾಖಲಾಗಿವೆ. ಆನೆಗೊಂದಿಯ ಪಕ್ಕದ, ಹನುಮ ಹುಟ್ಟಿದ ಜಾಗವೆಂದು ನಂಬುವ ಅಂಜನಾದ್ರಿಯಿಂದಾಗಿ ಈ ಸೀಮೆಯ ಗರಡಿ, ಜಿಮ್ಮುಗಳಲ್ಲಿ ಹನುಮಂತನ ಪಟಕ್ಕೆ ಬರವಿಲ್ಲ. ಆ ಬ್ರಹ್ಮಚಾರಿಯ ಪಟದ ಕೆಳಗೇ ಬಾಟಲಿ ಕೈ ಬದಲಾಗುವುದು ವಿಚಿತ್ರವೇ. ಒಂದೇ ಬಾಟಲಿ, ಒಂದೇ ಸಿರಿಂಜು ಹಂಚಿಕೊಂಡರೆ ಕೀವುಗಡ್ಡೆ, ಹೆಪಟೈಟಿಸ್, ಎಚ್‌ಐವಿ ಬೇರೆ.

ಕ್ರೀಡಾಪಟುಗಳಿಗೆ ಇವೆಲ್ಲ ಸದಾಕಾಲ ನಿಷಿದ್ಧ. ನ್ಯಾಂಡ್ರೋಲೋನಿನ ಕುರುಹು ಮೂತ್ರದಲ್ಲಿ ತಿಂಗಳುಗಟ್ಟಲೆ ಸಿಗುತ್ತದೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ ಗೆದ್ದಿದ್ದ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2011ರ ಪರೀಕ್ಷೆಯಲ್ಲಿ ಅನಾಬಾಲಿಕ್ ಸ್ಟೀರಾಯ್ಡಿಗೆ ಸಿಕ್ಕಿಬಿದ್ದು ನಿಷೇಧಕ್ಕೊಳಗಾದರು. ಕೋಚ್ ಕೊಟ್ಟ ಜಿನ್ಸೆಂಗ್ ಪೂರಕದಲ್ಲಿ ಅದು ಬೆರೆತಿತ್ತೆಂದು ಅವರು ವಾದಿಸಿದ್ದರು. ಜಾತ್ರೆಯ ಕುಸ್ತಿಯಿಂದ ರಾಜ್ಯಮಟ್ಟಕ್ಕೆ ಏರುವ ಹಳ್ಳಿಯ ಪೈಲ್ವಾನನಿಗೆ ಈ ಪ್ರಕರಣ ಗೊತ್ತಿರಬೇಕು: ಡಬ್ಬಿಯ ಮೇಲೆ ಬರೆದಿಲ್ಲದ ಪದಾರ್ಥಕ್ಕೂ ಹೊಣೆ ಆಟಗಾರನದೇ. ನಿಜವಾದ ಕಾಯಿಲೆಗೆ ಟೆಸ್ಟೋಸ್ಟೆರೋನ್ ಬೇಕಾದವನು ಮೊದಲೇ ಚಿಕಿತ್ಸಾ ವಿನಾಯಿತಿ ಪಡೆಯಬೇಕು.

ಕೊಡುವ ಮೊದಲು, ಕೊಟ್ಟ ಮೇಲೆ

ಪ್ರಾಸ್ಟೇಟ್ ಅಥವಾ ಸ್ತನ ಕ್ಯಾನ್ಸರ್ ಇರುವ ಗಂಡಸರಿಗೆ, ಆರು ತಿಂಗಳೊಳಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ, ಹತೋಟಿಗೆ ಬಾರದ ಹೃದಯ ವೈಫಲ್ಯ, ಚಿಕಿತ್ಸೆಯಿಲ್ಲದ ತೀವ್ರ ಗೊರಕೆಯ ನಿದ್ರಾರೋಗ, ಹತ್ತಿರದಲ್ಲಿ ಮಕ್ಕಳ ಯೋಜನೆ ಇರುವವರಿಗೆ ಕೊಡಬಾರದು. ಹೃದಯದ ಪ್ರಶ್ನೆ ಬಹುಕಾಲ ವಿವಾದದಲ್ಲಿತ್ತು. 45ರಿಂದ 80 ವಯಸ್ಸಿನ, ಹೃದ್ರೋಗವಿದ್ದ ಇಲ್ಲವೇ ಅದರ ಅಪಾಯವಿದ್ದ 5,200 ಗಂಡಸರ ಟ್ರಾವರ್ಸ್ ಅಧ್ಯಯನ 2023ರಲ್ಲಿ ಪ್ರಕಟವಾಗಿ, ಕೊರತೆಯಿದ್ದವರಿಗೆ ಜೆಲ್ ಕೊಟ್ಟರೆ ಹೃದಯಾಘಾತ, ಪಾರ್ಶ್ವವಾಯುಗಳು ಹೆಚ್ಚಲಿಲ್ಲವೆಂದು ತೋರಿಸಿತು. ಆದರೆ ಹೃದಯದ ಲಯ ತಪ್ಪುವುದು, ಪುಪ್ಪುಸದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಿದ್ದವು. ಪರೀಕ್ಷೆ ಮಾಡಿಸಿಕೊಂಡು ಮದ್ದು ಪಡೆದವರ ಫಲಿತಾಂಶವಿದು. ಜಿಮ್ಮಿನ ಹುಡುಗನಿಗೆ ಅನ್ವಯಿಸುವುದಿಲ್ಲ.

ಶುರುವಾದ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಟೆಸ್ಟೋಸ್ಟೆರೋನ್ ಮಟ್ಟ, ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು), ನಲವತ್ತು ದಾಟಿದವರಲ್ಲಿ ಪ್ರಾಸ್ಟೇಟಿನ ಸೂಚಕವಾದ ಪಿಎಸ್‌ಎ ನೋಡಬೇಕು. ಆಂಡ್ರೋಜನ್ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ಹಿಮಟೋಕ್ರಿಟ್ ಶೇಕಡಾ 54 ದಾಟಿದರೆ ರಕ್ತ ದಪ್ಪವಾಗಿ ಹೆಪ್ಪುಗಟ್ಟುವ ಭಯವಿದೆ. ಆಗ ಮದ್ದು ನಿಲ್ಲಿಸಿ, ಆ ಅಂಕಿ ಇಳಿದ ಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರುಮಾಡಬೇಕು. ಏಪ್ರಿಲ್-ಮೇ ಬಿಸಿಲಲ್ಲಿ ನೀರು ಬತ್ತಿದ ಮೈಯಿಂದ ತೆಗೆದ ರಕ್ತ ಈ ಅಂಕಿಯನ್ನು ಸುಳ್ಳಾಗಿ ಏರಿಸಬಹುದು, ನೀರು ಕುಡಿಸಿ ತೆಗೆಯಬೇಕು. ವಾರ್ಫರಿನ್ ನುಂಗುವವರಲ್ಲಿ ರಕ್ತಸ್ರಾವ ಹೆಚ್ಚಬಹುದು, ಇನ್ಸುಲಿನ್ ಪಡೆಯುವವರಲ್ಲಿ ಸಕ್ಕರೆ ಇಳಿಯಬಹುದು. ಎರಡರಲ್ಲೂ ಪ್ರಮಾಣ ಮರುಲೆಕ್ಕ ಬೇಕು. ಬಾಟಲಿಗಳನ್ನು 30 ಡಿಗ್ರಿಗಿಂತ ಕೆಳಗೆ ಇಡಬೇಕು. ಬೈಕಿನ ಡಿಕ್ಕಿ ಅದಕ್ಕೆ ಜಾಗವಲ್ಲ.

ತಡೆಯುವ ಮದ್ದುಗಳು

ಪ್ರಾಸ್ಟೇಟ್ ಕ್ಯಾನ್ಸರ್ ಆಂಡ್ರೋಜನ್ನಿನ ಆಸರೆಯಲ್ಲಿ ಬೆಳೆಯುತ್ತದೆಂದು 1941ರಲ್ಲಿ ತೋರಿಸಿದ ಹಗಿನ್ಸ್‌ಗೆ 1966ರ ನೊಬೆಲ್ ಬಂತು. ವೃಷಣ ತೆಗೆಯುವ ಶಸ್ತ್ರಚಿಕಿತ್ಸೆ ಇಂದಿಗೂ ಅಗ್ಗದ, ಒಮ್ಮೆಗೇ ಮುಗಿಯುವ ದಾರಿ; ಸೂಜಿಗೆಂದು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಮತ್ತೆ ಮತ್ತೆ ಹೋಗಲಾರದ ಮುದುಕರಿಗೆ ಅದನ್ನು ಸಂಕೋಚವಿಲ್ಲದೆ ವಿವರಿಸಬೇಕು. ಲ್ಯೂಪ್ರೊಲೈಡ್ ಸೂಜಿ ಮೊದಲ ವಾರಗಳಲ್ಲಿ ಟೆಸ್ಟೋಸ್ಟೆರೋನನ್ನು ಏರಿಸಿ ಆಮೇಲೆ ಇಳಿಸುತ್ತದೆ. ಬೆನ್ನೆಲುಬಿಗೆ ಹರಡಿದ ಕ್ಯಾನ್ಸರಿನಲ್ಲಿ ಆ ಏರಿಕೆ ಕಾಲು ಸೋಲಿಸಬಹುದು, ಆದ್ದರಿಂದ ಮುಂಚೆಯೇ ಬೈಕಾಲುಟಮೈಡ್ ಶುರುಮಾಡುತ್ತಾರೆ. ಅಬಿರಾಟರೋನನ್ನು ಬರೀ ಹೊಟ್ಟೆಯಲ್ಲಿ, ಪ್ರೆಡ್ನಿಸೋಲೋನ್ ಜೊತೆಗೆ ಕೊಡಬೇಕು. ಪ್ರಾಸ್ಟೇಟ್ ಊತಕ್ಕೆ ಕೊಡುವ ಫಿನಾಸ್ಟರೈಡ್ ಪಿಎಸ್‌ಎ ಅಂಕಿಯನ್ನು ಅರ್ಧಕ್ಕಿಳಿಸುತ್ತದೆ; ಬಸುರಿಯರು ಅದರ ಮುರಿದ ಮಾತ್ರೆ ಮುಟ್ಟಬಾರದು.

ತಡೆಯುವ ಮದ್ದುಗಳನ್ನು ಲಿಂಗತ್ವ ಅಲ್ಪಸಂಖ್ಯಾತರೂ ಕೇಳುತ್ತಾರೆ. ಕೊಪ್ಪಳ ತಾಲ್ಲೂಕಿನ ಹುಲಿಗಿಯ ಹುಲಿಗೆಮ್ಮನ ಗುಡಿ, ದೇವಿಗೆ ಮುಡಿಪಾಗಿ ಹೆಣ್ಣಿನಂತೆ ಬಾಳುವ ಜೋಗಪ್ಪಗಳ ಪರಂಪರೆಯ ಕೇಂದ್ರಗಳಲ್ಲಿ ಒಂದು. 2021ರಲ್ಲಿ ಪದ್ಮಶ್ರೀ ಗೌರವ ಪಡೆದ ಮಂಜಮ್ಮ ಜೋಗತಿ ದೀಕ್ಷೆ ಪಡೆದದ್ದೂ ಇಲ್ಲೇ. ಆ ಪರಂಪರೆಗೂ ಔಷಧಕ್ಕೂ ನಂಟಿಲ್ಲ. ಆದರೆ ಇಂದಿನ ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಹಾರ್ಮೋನ್ ಚಿಕಿತ್ಸೆ ಬಯಸುವವರಿದ್ದಾರೆ, ಅದನ್ನು ಒದಗಿಸುವುದು 2019ರ ಕಾಯ್ದೆಯಂತೆ ಸರ್ಕಾರದ ಹೊಣೆ. ದವಾಖಾನೆಯಲ್ಲಿ ನಗೆಪಾಟಲಾದೀತೆಂದು ಅಂಜಿ ಗರ್ಭನಿರೋಧಕ ಮಾತ್ರೆ, ಸೈಪ್ರೊಟೆರೋನ್, ಸ್ಪೈರೊನೊಲ್ಯಾಕ್ಟೋನ್‌ಗಳನ್ನು ಗೆಳತಿಯರಿಂದ ಕೇಳಿ ನುಂಗುವುದು ಅಪಾಯ: ಮೊದಲನೆಯದರಿಂದ ಕಾಲಿನ ರಕ್ತ ಹೆಪ್ಪುಗಟ್ಟಬಹುದು, ಎರಡನೆಯದನ್ನು ಹೆಚ್ಚು ಪ್ರಮಾಣದಲ್ಲಿ ಬಹುಕಾಲ ನುಂಗಿದರೆ ಮಿದುಳಿನ ಹೊದಿಕೆಯ ಗಡ್ಡೆ ಬರಬಹುದು, ಮೂರನೆಯದು ಪೊಟ್ಯಾಸಿಯಂ ಏರಿಸುತ್ತದೆ. ಟೆಸ್ಟೋಸ್ಟೆರೋನ್ ಪಡೆಯುವ ಟ್ರಾನ್ಸ್ ಗಂಡಸರಿಗೆ ಮುಟ್ಟು ನಿಂತರೂ ಗರ್ಭ ನಿಲ್ಲುವ ಸಾಧ್ಯತೆ ಹೋಗಿರುವುದಿಲ್ಲ.

ಚೀಟಿ ಮತ್ತು ದಾಖಲೆ

1945ರ ಔಷಧ ನಿಯಮಗಳ ಷೆಡ್ಯೂಲ್ ಎಚ್‌ನಲ್ಲಿ ಆಂಡ್ರೋಜನ್ ಮತ್ತು ಅನಾಬಾಲಿಕ್ ಪದಾರ್ಥಗಳಿವೆ. ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಅಂಗಡಿಯವರು ಮಾರುವಂತಿಲ್ಲ. ಅಡ್ಡಪರಿಣಾಮ ಕಂಡರೆ ರೋಗಿ ತಾನೇ ರಾಷ್ಟ್ರೀಯ ಔಷಧ ಎಚ್ಚರಿಕೆ ಕಾರ್ಯಕ್ರಮದ 1800-180-3024 ಉಚಿತ ಸಂಖ್ಯೆಗೆ ಹೇಳಬಹುದು. ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದು ಗುಳೆ ಹೊರಟ ರೋಗಿಯ ಕೈಯಲ್ಲಿ ಮದ್ದಿನ ಹೆಸರು, ಪ್ರಮಾಣ, ಕೊನೆಯ ಸೂಜಿಯ ತಾರೀಖು, ಕಳೆದ ಹಿಮಟೋಕ್ರಿಟ್ ಬರೆದ ಚೀಟಿ ಇದ್ದರೆ ಗೋವಾದ ಮಡಗಾಂವಿನ ವೈದ್ಯರೂ ಚಿಕಿತ್ಸೆ ಮುಂದುವರಿಸಬಲ್ಲರು. ಹಾವು ಕಡಿತದಿಂದ ಪಿಟ್ಯುಟರಿ ಕಳೆದುಕೊಂಡವನ ಚೀಟಿಯಲ್ಲಿ ಇನ್ನೊಂದು ಸಾಲು ದೊಡ್ಡ ಅಕ್ಷರದಲ್ಲಿರಬೇಕು: ಜ್ವರ, ವಾಂತಿ ಬಂದಾಗ ಸ್ಟೀರಾಯ್ಡ್ ಮಾತ್ರೆ ನಿಲ್ಲಿಸಬಾರದು, ಎರಡರಷ್ಟು ಮಾಡಬೇಕು, ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಕ್ಷಣ ಹೈಡ್ರೋಕಾರ್ಟಿಸೋನ್ ಸೂಜಿ ಮಾಡಿಸಬೇಕು.